ಹುಳು ಹಣ್ಣಾಗುವ ದಿನ ಬನ್ನಿ

"ಏಯ್... ನಿಂತ್ಕೊ ಅಲ್ಲೇ! ಹೊಸ್ತಿಲು ದಾಟ್ದೆ ಅಂದ್ರೆ ಕಾಲು ಮುರಿದಾಕ್ಬುಡ್ತೀನಿ!"

ಬಾಗಿಲಿಗೆ ಅಡ್ಡ ನಿಂತವಳ ಕಂಕುಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ. ಕೈಯಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಚೊಂಬು.

ಹೊಸ್ತಿಲ ಆಚೆ ಒಬ್ಬ ಯುವಕ. ಇಸ್ತ್ರಿ ಹಾಕಿದ ಅಂಗಿ, ಹೆಗಲಿಗೆ ಚೀಲ, ಮೈಯೆಲ್ಲಾ ಕರ್ಪೂರದ ಎಣ್ಣೆಯ ಘಾಟು.

"ನಾನು... ಕನಕಪುರದಿಂದ..."

"ಕನಕಪುರದಿಂದಾದ್ರೂ ಬಾ, ಕಾಶಿಯಿಂದಾದ್ರೂ ಬಾ! ಒಳಗೆ ಹುಳು ಅವೆ. ನಿನ್ನ ಮೈ ವಾಸ್ನೆ ಬಡಿದ್ರೆ ಒಂದು ಹುಳವೂ ಸೊಪ್ಪು ಮುಟ್ಟಕ್ಕಿಲ್ಲ!"

ಹಿಂದೆ ಸರಿಯಬೇಕಾದವನು ಗಾಬರಿಯಲ್ಲಿ ಮುಂದಕ್ಕೇ ಹೆಜ್ಜೆ ಇಟ್ಟ.

ಅಷ್ಟೇ... ಚೊಂಬಿನ ನೀರು ಜಳ್ ಎಂದು ಅವನ ಕಾಲಿನ ಮೇಲೆ ಬಿತ್ತು!

ನೀಲಿ ಪ್ಯಾಂಟು ಮೊಣಕಾಲಿನಿಂದ ಕೆಳಗೆ ನೆನೆದು ಹೋಯಿತು. ಅವನು ಒಮ್ಮೆ ಕಾಲು ನೋಡಿಕೊಂಡ, ಒಮ್ಮೆ ಅವಳನ್ನು ನೋಡಿದ. ಆ ಕಣ್ಣಲ್ಲಿ ಸಿಟ್ಟೇ ಇರಲಿಲ್ಲ. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಏರಿತು.

"ನಾನು ಮಾದೇಶ ಅಂತ. ಬೀರಮ್ಮಾರ ಆರೈಕೆ ವಿಚಾರಕ್ಕೆ ಬಂದಿದ್ದೆ. ಅರ್ಜಿ ಹಾಕಿದ್ರಂತಲ್ಲ..."

ಅವಳು ಖಾಲಿ ಚೊಂಬನ್ನು ಬೆನ್ನ ಹಿಂದೆ ಸರಿಸಿದಳು.

'ಅಯ್ಯೋ... ಇವರಿಗೋಸ್ಕರವೇ ಅಲ್ಲವೇ ಇಷ್ಟು ದಿನ ದಾರಿ ಕಾದದ್ದು!'

ಅವಳ ಹೆಸರು ಪುಟ್ಟಗೌರಿ. ಸಾತನೂರಿನ ಪಕ್ಕದ ಹಳ್ಳಿಯಲ್ಲಿ ಇರುವವರು ಅವಳು ಮತ್ತು ಅವಳ ಅವ್ವ ಬೀರಮ್ಮ, ಇಬ್ಬರೇ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವ್ವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು.

ರೇಷ್ಮೆಗೂಡಿಗೆ ಬಂಗಾರದಂಥ ಬೆಲೆ ಬಂದಿದ್ದ ಕಾಲ ಅದು. ರಾಮನಗರದ ಮಾರುಕಟ್ಟೆಗೆ ಮೂಟೆ ಹೊತ್ತು ಹೋದವರು ನಗುತ್ತಾ ಬಸ್ಸು ಇಳಿಯುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲಾ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆ, ಪಡಸಾಲೆ ಎಲ್ಲೆಲ್ಲೂ ಹುಳುವಿನ ತಟ್ಟೆಗಳು. ಊರಿನಲ್ಲಿ ಯಾರ ಕೈಗೂ ಬಿಡುವಿರಲಿಲ್ಲ. ಕೂಲಿ ಕೊಡುತ್ತೇನೆಂದರೂ ಹಾಸಿಗೆ ಹಿಡಿದವಳ ಪಕ್ಕ ಕೂರಲು ಒಂದು ಹೆಂಗಸು ಸಿಗುತ್ತಿರಲಿಲ್ಲ!

ಗೌರಿ ತೋಟಕ್ಕೆ ಹೋದರೆ ಅವ್ವ ನೀರಿಲ್ಲದೆ ಒಣಗುತ್ತಿದ್ದಳು. ಅವ್ವನ ಪಕ್ಕ ಕೂತರೆ ಹುಳು ಸೊಪ್ಪಿಲ್ಲದೆ ಒಣಗುತ್ತಿದ್ದವು. ಹಿಂದಿನ ಬೆಳೆಯಲ್ಲಿ ಅರ್ಧ ಹುಳು ಸತ್ತದ್ದು ಹಾಗೆಯೇ.

ಆಗ ಬಂದವನು ದೊಡ್ಡಪ್ಪ ಪುಟ್ಟಲಿಂಗಯ್ಯ. ತಮ್ಮನ ಹೆಂಡತಿ ಬಿದ್ದಾಗ ಒಂದು ಲೋಟ ಗಂಜಿ ತಂದುಕೊಡದವನು. ಈಗ ಜಗುಲಿಯ ಮೇಲೆ ಕಾಲು ಚಾಚಿ ಕೂತು ತೀರ್ಪು ಕೊಟ್ಟ.

"ಈ ಬೆಳೆ ಮುಗೀಲಿ ಗೌರಿ. ಆಮೇಕೆ ನಿಮ್ಮವ್ವನ್ನ ಬೆಂಗ್ಳೂರಲ್ಲಿ ಯಾವುದಾದ್ರೂ ಆಶ್ರಮಕ್ಕೆ ಬುಟ್ಟುಬರಾನ. ನಿಂಗೊಂದು ಗಂಡು ನೋಡಾನ. ತೋಟ ನಾನು ನೋಡ್ಕತೀನಿ ಬುಡು."

ತೋಟ ಎಂದಾಗ ಅವನ ಕಣ್ಣು ಹೊಳೆದದ್ದನ್ನು ನೋಡಬೇಕಿತ್ತು! ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರಿಗೆ ಊರು ಜಗುಲಿಯನ್ನೂ ಕೊಡುತ್ತದೆ, ಕಾಫಿಯನ್ನೂ ಕೊಡುತ್ತದೆ.

ಗೌರಿ ಅವ್ವನಿಗೂ ಹೇಳದೆ ಸಾತನೂರು ಬಸ್ಸು ಹತ್ತಿ ಕನಕಪುರಕ್ಕೆ ಹೋದಳು. ಅಲ್ಲೊಂದು ಸಂಸ್ಥೆ ಹೊಸದಾಗಿ ಶುರುವಾಗಿತ್ತು. ಹಾಸಿಗೆ ಹಿಡಿದವರನ್ನು ಎಲ್ಲಿಗೂ ಸಾಗಿಸದೆ ಅವರ ಮನೆಯಲ್ಲೇ ನೋಡಿಕೊಳ್ಳುವ ಸಂಸ್ಥೆ. ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಂದು ಮೈ ತೊಳೆಸಿ, ಉಣ್ಣಿಸಿ, ಮಧ್ಯಾಹ್ನದವರೆಗೆ ಜೊತೆಗಿರುತ್ತಾಳೆ. ಆದರೆ ಮೊದಲು ಸಂಸ್ಥೆಯವರು ಮನೆಗೆ ಬಂದು, ನಿಜಕ್ಕೂ ಅಗತ್ಯವಿದೆಯೇ ಎಂದು ನೋಡಬೇಕು.

ಹಾಗೆ ನೋಡಲು ಬಂದವನ ಕಾಲಿಗೇ ಅವಳು ನೀರು ಎರಚಿದ್ದಳು!

"ಅವ್ವ ಹಿಂದಿನ ಜಗುಲೀಲಿ ಮಲಗವ್ಳೆ. ಅಲ್ಲಿ ಹೋಗಿ ಮಾತಾಡಿ," ಎಂದಳು ನೆಲ ನೋಡುತ್ತಾ. "ನಾನು ಸೊಪ್ಪು ಹಾಕಿ ಬತ್ತೀನಿ. ಈಗ ಬುಟ್ರೆ ಹುಳು ಕೆಡ್ತವೆ."

ಮಾದೇಶ ತಲೆಯಾಡಿಸಿ ಹಿತ್ತಲ ಕಡೆ ಸುತ್ತಿಕೊಂಡು ಹೋದ.

ಎಡವಟ್ಟಾದದ್ದು ಅಲ್ಲೇ.

ಬೀರಮ್ಮನಿಗೆ ಕಂಡದ್ದು ಒಬ್ಬ ಲಕ್ಷಣವಾದ ಹುಡುಗ. ಅವನು ಚಾಪೆಯ ಮೇಲೆ ಕೂತು ಕೇಳಿದ್ದಾದರೂ ಏನು?

"ಮನೇಲಿ ಎಷ್ಟು ಜನ ಇದ್ದೀರಿ ಅಮ್ಮ? ಅಡುಗೆ ಯಾರು ಮಾಡ್ತಾರೆ? ನೀರು ಯಾರು ತರ್ತಾರೆ? ಜಮೀನು ಐತಾ? ಮಗಳಿಗೆ ಇನ್ನೂ ಮದುವೆ ಆಗಿಲ್ವಾ?"

ಬೀರಮ್ಮನ ಮುಖ ಅರಳಿತು. 'ಗಂಡಿನ ಕಡೆಯೋನು! ಒಬ್ಬನೇ ಬಂದವ್ನೆ, ಮೊದ್ಲು ಮನೆ ನೋಡ್ಕಂಡು ಹೋಗಾನ ಅಂತ!'

ಮಗಳಿಗೆ ಬಂದ ಸಂಬಂಧಗಳೆಲ್ಲಾ ಯಾಕೆ ತಪ್ಪಿಹೋದವು ಎಂಬುದು ಅವಳಿಗೆ ಗೊತ್ತಿತ್ತು. ಬಂದವರು ಹುಡುಗಿಯನ್ನು ಒಪ್ಪುತ್ತಿದ್ದರು. ಆಮೇಲೆ ಮಂಚದ ಕಡೆ ನೋಡುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ.

ಈ ಸಲ ಹಾಗಾಗಬಾರದು!

ಎಡಗೈಯಲ್ಲೇ ತಲೆ ಸವರಿಕೊಂಡಳು. ಮಂಚದ ಪಕ್ಕದ ಬೋಗುಣಿಯನ್ನು ಎಡಗಾಲಿನಿಂದ ಮಂಚದಡಿಗೆ ತಳ್ಳಿದಳು.

"ನಂಗೇನಪ್ಪಾ ಆಗೈತೆ? ಅಡುಗೆ ನಾನೇ ಮಾಡದು. ಸ್ನಾನ ನಾನೇ ಮಾಡ್ಕತೀನಿ. ಮನ್ನೆ ಸೊಪ್ಪೂ ಕುಯ್ದೆ! ನಮ್ಮ ಗೌರಿಗೆ ನನ್ನಿಂದ ಒಂದು ಕಡ್ಡಿ ತೊಂದ್ರೆ ಇಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಕಂಬ ಹಿಡಿದು ಎದ್ದಳು! ಗೋಡೆಗೆ ಒರಗಿಕೊಂಡೇ ಬಲಗಾಲು ಎಳೆಯುತ್ತಾ ನಡೆದು, ಮಡಕೆಯಿಂದ ಮಜ್ಜಿಗೆ ತಂದು ಅವನ ಕೈಗೆ ಕೊಟ್ಟಳು. ಹಣೆಯಲ್ಲಿ ಬೆವರು, ತುಟಿಯಲ್ಲಿ ನಗು.

ಮಾದೇಶ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದುಕೊಂಡು ಹೊರಟ.

ಗೌರಿ ಬರುವಷ್ಟರಲ್ಲಿ ಜಗುಲಿ ಖಾಲಿ. ಅವ್ವ ನೆಲದ ಮೇಲೆ ಬಿದ್ದಿದ್ದಳು. ಮೊಣಕಾಲು ಊದಿತ್ತು.

"ಮಂಚದಿಂದ ಜಾರ್ಬುಟ್ಟೆ ಕಣವ್ವ," ಎಂದು ನಕ್ಕಳು ಬೀರಮ್ಮ. ಕಾಲು ಊದಿದವರು ಹಾಗೆ ನಗುವುದನ್ನು ಗೌರಿ ನೋಡಿಯೇ ಇರಲಿಲ್ಲ.

ವಾರ ಕಳೆಯಿತು. ಮಾದೇಶ ಮತ್ತೆ ಬಂದ. ಈ ಸಲ ರೋಗಿಗಳ ಕೈಕಾಲಿಗೆ ತಿಕ್ಕುವ ಎಣ್ಣೆ ಸೀಸೆ ಇರುವ ಚೀಲವನ್ನು ಬೀದಿಯ ತುದಿಯಲ್ಲೇ ಒಬ್ಬರ ಮನೆಯಲ್ಲಿ ಇಟ್ಟು, ಬಾವಿಯ ಹತ್ತಿರ ಕೈಕಾಲು ತೊಳೆದು, ಅಂಗಳದಲ್ಲಿ ದೂರ ನಿಂತ.

ಗೌರಿಗೆ ನಗು ಬಂತು. ತಡೆದುಕೊಂಡಳು.

"ಏನಾಯ್ತು ಸಾರ್? ಯಾವತ್ತಿಂದ ಬತ್ತಾರೆ ಆ ಹೆಂಗಸು?"

ಮಾದೇಶ ಗಂಟಲು ಸರಿಮಾಡಿಕೊಂಡ.

"ಅದು... ಆಗಲಿಲ್ಲ. ಈ ಮನೆಗೆ ಸಹಾಯ ಅಗತ್ಯ ಇಲ್ಲ ಅಂತ ಆಗೋಯ್ತು. ಬೇರೆಯೋರ ಕೈಲಿ ಹೇಳಿ ಕಳಿಸೋಕೆ ಮನಸ್ಸು ಬರಲಿಲ್ಲ. ಅದಕ್ಕೇ ನಾನೇ ಬಂದೆ."

ಕೈಯಲ್ಲಿದ್ದ ಸೊಪ್ಪು ಜಾರಿ ಬಿತ್ತು.

"ಅಗತ್ಯ ಇಲ್ವಾ...? ನೀರು ಹುಯ್ದೆ ಅಂತ ಸೇಡು ತೀರಿಸ್ಕಂಡ್ರಾ? ಬೈಯಿರಿ, ಹೊಡೀರಿ! ಅದು ಬುಟ್ಟು ಹಾಸಿಗೆ ಹಿಡಿದೋಳ ಹೊಟ್ಟೆ ಮೇಲೆ ಹೊಡಿತೀರಲ್ಲ, ನಾಚ್ಕೆ ಆಗಕ್ಕಿಲ್ವಾ ನಿಮ್ಗೆ?"

"ನನ್ನ ಮಾತು ಕೇಳಿ..."

"ಏನು ಕೇಳದು? ಈ ಬೆಳೆ ಮುಗಿದ್ರೆ ಅವ್ವನ್ನ ಎತ್ಕಂಡು ಹೋಗಿ ಗುರುತಿಲ್ದೋರ ಮಧ್ಯೆ ಬುಟ್ಟು ಬರ್ಬೇಕು! ಗೊತ್ತಾ ನಿಮ್ಗೆ?"

"ಗೌರಮ್ಮಾರೆ! ನಿಮ್ಮವ್ವನೇ ನಡ್ಕಂಡು ಬಂದು ನಂಗೆ ಮಜ್ಜಿಗೆ ಕೊಟ್ರು!"

ಗೌರಿ ಒಂದು ಹೆಜ್ಜೆ ಮುಂದೆ ಬಂದಳು.

"ನಮ್ಮವ್ವ... ನಡೆದ್ಲಾ?"

"ಹೂಂ. ಅಡುಗೆ ನಂದೇ, ಸೊಪ್ಪು ಕುಯ್ಯದೂ ನಾನೇ ಅಂದ್ರು."

ಹಿಂದಿನ ಜಗುಲಿಗೆ ಇಬ್ಬರೂ ಒಟ್ಟಿಗೇ ಹೋದರು. ಬೀರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಅವ್ವ! ಯಾಕವ್ವ ಹಂಗಂದೆ?"

ಬೀರಮ್ಮ ಗೋಡೆಗೇ ಹೇಳುವಂತೆ ಹೇಳಿದಳು.

"ಈವಪ್ಪ ನಿನ್ನ ನೋಡಕ್ಕೆ ಬಂದ ಗಂಡು ಅನ್ಕಂಡೆ ಕಣೇ... ಅಡುಗೆ ಯಾರು ಮಾಡ್ತಾರೆ, ಜಮೀನು ಐತಾ, ಮಗಳಿಗೆ ಮದ್ವೆ ಆಗಿಲ್ವಾ ಅಂದ್ರೆ ಇನ್ನೇನು ಅನ್ಕಬೇಕು? ಮೂಲೇಲಿ ಇಂಥ ಕೊರಡು ಬಿದ್ದೈತೆ ಅಂತ ತಿಳಿದ್ರೆ ಇವ್ನೂ ಎದ್ದು ಹೋಯ್ತಾನೆ ಅಂತ..."

ಗೌರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು! ಮಾದೇಶನ ಕಿವಿಯ ತುದಿಗಳು ಕೆಂಪಾದವು. ಇಬ್ಬರೂ ಬೇರೆ ಬೇರೆ ಕಂಬಗಳನ್ನು ನೋಡುತ್ತಾ ನಿಂತರು.

ಮೊದಲು ಮಾತು ಹುಡುಕಿದವನು ಅವನೇ.

"ತಪ್ಪು ನಂದು. ಕೇಳಿದ್ದೆಲ್ಲಾ ಕೇಳ್ದೆ, ಯಾಕೆ ಕೇಳ್ತಾ ಇದೀನಿ ಅಂತ ಮಾತ್ರ ಹೇಳ್ಲಿಲ್ಲ. ಇನ್ನೊಂದು ಸಲ ನೋಡೋಕೆ ಅವಕಾಶ ಐತೆ. ಯಾವ ದಿನ ಬರಲಿ?"

ಗೌರಿ ಯೋಚಿಸಲಿಲ್ಲ.

"ಹುಳು ಹಣ್ಣಾಗೋ ದಿನ ಬನ್ನಿ. ಆವತ್ತು ಈ ಮನೇಲಿ ಸುಳ್ಳು ಹೇಳಕ್ಕೂ ಪುರುಸೊತ್ತಿರಕ್ಕಿಲ್ಲ."

ಅವನು ನಕ್ಕ. ಅವಳೂ ನಕ್ಕಳು. ಮಂಚದಲ್ಲಿ ಬೀರಮ್ಮ ಮೆಲ್ಲಗೆ ಈ ಕಡೆ ಹೊರಳಿದಳು.

ಅಲ್ಲಿಂದ ಮಾದೇಶ ಆಗಾಗ ಬರತೊಡಗಿದ. ಅವ್ವನ ಕೈಗೆ ವ್ಯಾಯಾಮ ಹೇಳಿಕೊಡಲು ಸಂಸ್ಥೆಯವರ ಒಪ್ಪಿಗೆ ಇತ್ತು. ಬೀರಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ದೊಡ್ಡಆಲಹಳ್ಳಿಯ ತಮ್ಮ ಮನೆಯ ಕುರಿಗಳ ಕಥೆ ಹೇಳುತ್ತಿದ್ದ. ಒಂದು ಟಗರು ಅವನ ಅಣ್ಣನನ್ನು ಮದುವೆಯ ಹಿಂದಿನ ದಿನ ಗುದ್ದಿ ಕೆಡವಿ, ಮದುಮಗ ಕುಂಟುತ್ತಲೇ ತಾಳಿ ಕಟ್ಟಿದ್ದನ್ನು ಕೇಳಿ ಬೀರಮ್ಮ ಕೆಮ್ಮು ಬರುವಷ್ಟು ನಕ್ಕಳು.

"ನೀವು ಕುರಿ ಬುಟ್ಟು ಈ ಕೆಲ್ಸಕ್ಕೆ ಯಾಕ್ ಬಂದ್ರಿ?" ಎಂದು ಬಾಗಿಲ ಸಂದಿಯಿಂದ ಕೇಳಿದಳು ಗೌರಿ.

"ನಮ್ಮಜ್ಜಿ ಹಿಂಗೇ ಮಲಗಿದ್ರು. ನಾವು ಚಿಕ್ಕೋರು. ಮನೆ ತುಂಬಾ ಜನ ಇದ್ರೂ ಅವ್ರಿಗೆ ಬಾಯಾರಿಕೆ ಆಗೋದು ಯಾರಿಗೂ ಕಾಣ್ತಿರಲಿಲ್ಲ."

ಅಷ್ಟೇ ಹೇಳಿ ಮತ್ತೆ ಬೀರಮ್ಮನ ಬೆರಳು ಬಿಡಿಸತೊಡಗಿದ. ಗೌರಿ ಒಳಗೆ ಹೋದಳು. ಹುಳುಗಳು ಸೊಪ್ಪು ತಿನ್ನುವ ಚರಚರ ಸದ್ದು ಮನೆ ತುಂಬಾ. ಆ ಸದ್ದಿನ ನಡುವೆಯೂ ಹಿಂದಿನ ಜಗುಲಿಯ ಮಾತಿಗೇ ಅವಳ ಕಿವಿ.

'ಇದೇನು ಆಗ್ತಾ ಇದೆ ನನಗೆ? ಬಸ್ಸಿನ ಸದ್ದು ಕೇಳಿದರೆ ಯಾಕೆ ಹೀಗೆ ಎದ್ದು ನಿಲ್ಲುತ್ತೇನೆ...?'

ಹುಳುಗಳು ಬೆರಳಿನಷ್ಟು ದಪ್ಪವಾದವು. ಒಂದು ದಿನ ಬೆಳಗಾಗೆದ್ದು ನೋಡಿದರೆ ಸೊಪ್ಪು ಮುಟ್ಟಿರಲಿಲ್ಲ. ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು.

ಹಣ್ಣಾಗಿದ್ದವು!

ಹಣ್ಣಾದ ಹುಳು ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಹತ್ತಿಸಬೇಕು. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಊರಿನ ಅರ್ಧ ಮನೆಗಳಲ್ಲಿ ಅದೇ ದಿನ ಹುಳು ಹಣ್ಣಾಗಿದ್ದವು. ಇಂದು ನಿಮಗೆ, ನಾಳೆ ನಮಗೆ ಎಂದು ಮುಯ್ಯಾಳಾಗಿ ಬರುತ್ತೇವೆಂದಿದ್ದವರೆಲ್ಲಾ ತಮ್ಮ ತಮ್ಮ ತಟ್ಟೆಗಳ ಮುಂದೆ ಕೂತಿದ್ದರು.

ಹುಳುವಿನ ಬಣ್ಣ ತಿರುಗತೊಡಗಿದ್ದನ್ನು ಕಂಡು ಹಿಂದಿನ ಸಂಜೆಯೇ ಕಂಡಕ್ಟರ್ ಕೈಯಲ್ಲಿ ಸಂಸ್ಥೆಗೆ ಹೇಳಿ ಕಳಿಸಿದ್ದಳು. ಬೆಳಗಿನ ಬಸ್ಸು ನಿಂತ ಸದ್ದು ಕೇಳಿತು. ಗೌರಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು.

ಅಂಗಳದಲ್ಲಿ ಮಾದೇಶ ಇರಲಿಲ್ಲ...

ನರೆಗೂದಲಿನ ಹೆಂಗಸೊಬ್ಬರು ಚಪ್ಪಲಿ ಬಿಡುತ್ತಿದ್ದರು.

"ನಾನು ಗುಲ್ಜಾರ್ ಬೀ ಅಂತ. ಆಫೀಸಿನಾಕೆ. ಅವ್ವ ಎಲ್ಲಿ ಬೇಟಿ?"

"ಅವ್ರು... ಮಾದೇಶ ಸಾರು?"

"ಈ ಮನೆ ಕೆಲಸ ನನ್ನಿಂದಾಗಲ್ಲ ಅಂತ ಹೇಳ್ಬಿಟ್ಟ. ಅದಕ್ಕೆ ನನ್ನ ಕಳಿಸಿದ್ರು."

ನನ್ನಿಂದಾಗಲ್ಲ!

'ಅಷ್ಟೇನಾ? ಮನೆಯ ಕಷ್ಟ ಪೂರ್ತಿ ಕಂಡ ಮೇಲೆ ಇವನೂ ಎದ್ದು ಹೋದನಾ? ಅವ್ವ ಹೆದರಿದ್ದೇ ಸರಿಯಾಯಿತಲ್ಲ...!'

ಅಳಲು ಬಿಡುವೆಲ್ಲಿ? ತಟ್ಟೆಯ ಮುಂದೆ ಕೂತಳು. ಕಣ್ಣೀರನ್ನು ತೋಳಿಗೆ ಒರೆಸಿಕೊಳ್ಳುತ್ತಾ ಹುಳು ಆರಿಸತೊಡಗಿದಳು. ಗುಲ್ಜಾರ್ ಬೀ ಕೈಕಾಲು ತೊಳೆದು ನಡುಬಾಗಿಲಲ್ಲಿ ಕೂತರು. ಅಲ್ಲಿಂದ ಗೌರಿಯೂ ಕಾಣುತ್ತಿದ್ದಳು, ಬೀರಮ್ಮನೂ ಕಾಣುತ್ತಿದ್ದಳು. ಏನನ್ನೂ ಕೇಳಲಿಲ್ಲ. ಸುಮ್ಮನೆ ನೋಡಿದರು.

"ಗೌರೀ..."

ಕೈ ತುಂಬಾ ಹುಳು. ಬಿಟ್ಟು ಓಡಿದಳು. ಅವ್ವನನ್ನು ಎತ್ತಿ, ಕೂರಿಸಿ, ಒರೆಸಿ, ಬೋಗುಣಿ ತೊಳೆದು, ಮತ್ತೆ ಕೈಗೆ ಬ್ಲೀಚಿಂಗ್ ನೀರು. ಬಂದು ಕೂತಳು.

"ಗೌರೀ, ನೀರು..."

ಮತ್ತೆ ಓಡಿದಳು. ಮತ್ತೆ ಬಂದಳು. ತಟ್ಟೆಯ ಮೂಲೆಯಲ್ಲಿ ಆಗಲೇ ಹುಳುಗಳು ಕಸದ ಮೇಲೆ ನೂಲು ಬಿಡುತ್ತಿದ್ದವು. ಅವಳು ಅದನ್ನು ಕಂಡೂ ಕಾಣದಂತೆ ಪಕ್ಕಕ್ಕೆ ಸರಿಸಿದಳು.

ಇನ್ನೊಮ್ಮೆ ಕೂಗಬೇಕಾಗಿ ಬಂದಾಗ ಬೀರಮ್ಮ ಕೂಗಲಿಲ್ಲ. ತುಟಿ ಕಚ್ಚಿ ತಡೆದುಕೊಂಡಳು. ಗುಲ್ಜಾರ್ ಬೀ ಅವಳ ಮುಖವನ್ನೇ ನೋಡುತ್ತಿದ್ದರು.

"ಯಾಕಮ್ಮ ಕೂಗ್ತಿಲ್ಲ?"

ಅಷ್ಟು ಕೇಳಿದ್ದೇ ತಡ, ಬೀರಮ್ಮನ ಕಣ್ಣಲ್ಲಿ ಕಟ್ಟೆ ಒಡೆಯಿತು.

"ಎಷ್ಟು ಸಲ ಕೂಗನವ್ವ? ಅವ್ಳಿಗಿರದು ಎರಡೇ ಕೈ. ಬರ್ಕೊ ತಾಯಿ, ಬರ್ಕೊ... ನಂಗೆ ಅಡುಗೆ ಆಗಕ್ಕಿಲ್ಲ, ಸ್ನಾನ ಆಗಕ್ಕಿಲ್ಲ, ಎದ್ರೆ ಬಿದ್ದೋಯ್ತೀನಿ. ಹೋದ ಸಲ ಹೇಳಿದ್ದೆಲ್ಲಾ ಸುಳ್ಳು. ನಾಚ್ಕೆ ಆಯ್ತಿತ್ತು, ಅದಕ್ಕಂದೆ. ನನ್ನ ಈ ಜಗುಲಿಯಿಂದ ಮಾತ್ರ ಎತ್ಬೇಡಿ!"

ಒಳಗೆ ಗೌರಿಯ ಕೈ ನಿಂತುಹೋಯಿತು.

ಗುಲ್ಜಾರ್ ಬೀ ಬೀರಮ್ಮನ ತಲೆ ಸವರಿದರು. ಬೇಕಾದ್ದನ್ನು ತಾವೇ ಮಾಡಿಸಿದರು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ, ಕೈ ತೊಳೆದು ಗೌರಿಯ ಎದುರು ಬಂದು ಕೂತರು.

"ನಾನೂ ಆರಿಸ್ತೀನಿ. ನಮ್ಮತ್ತೆ ಮನೇಲಿ ಇದೇ ಕೆಲಸ ಇತ್ತು."

ಇಬ್ಬರೂ ಕೈ ಹಚ್ಚಿದರು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ತಟ್ಟೆ ಖಾಲಿಯಾಯಿತು. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ಹುಳುಗಳು ಮೆಲ್ಲಗೆ ತಲೆ ಆಡಿಸುತ್ತಾ ನೂಲು ಬಿಡುತ್ತಿದ್ದವು.

"ಸೋಮವಾರದಿಂದ ಚಿನ್ನಮ್ಮ ಅಂತ ಬರ್ತಾರೆ," ಎಂದರು ಗುಲ್ಜಾರ್ ಬೀ. "ದಿನಾ ಬೆಳಿಗ್ಗೆ. ನಿಮ್ಮವ್ವ ಎಲ್ಲೂ ಹೋಗೋದು ಬೇಡ."

ಗೌರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು!

"ದೊಡ್ಡಪ್ಪ ಕೇಳಿದ್ರೆ..."

"ಯಾರಾದ್ರೂ ಕೇಳಿದ್ರೆ ಆಫೀಸಿಗೆ ಕಳ್ಸು. ನಾನು ಮಾತಾಡ್ತೀನಿ." ಗುಲ್ಜಾರ್ ಬೀ ಸೊಂಟ ಹಿಡಿದು ಎದ್ದರು. "ಇನ್ನೊಂದು ಮಾತು. ಮಾದೇಶ ಯಾಕೆ ಆಗಲ್ಲ ಅಂದ ಅಂತ ಕೇಳ್ಲೇ ಇಲ್ಲ ನೀನು."

ಗೌರಿ ಮುಖ ತಿರುಗಿಸಿದಳು.

"ನಮ್ಮಲ್ಲೊಂದು ಕಟ್ಟುಪಾಡಿದೆ ಬೇಟಿ. ತನ್ನವರ ಮನೇನ ತಾನು ನೋಡಿ ಬರೆಯಂಗಿಲ್ಲ. ಮೊನ್ನೆ ಬಂದು, ಈ ಮನೆ ನಾನು ಬರೆಯಂಗಿಲ್ಲ ಅಂದ. ಅವರು ನಿಂಗೇನಾಗಬೇಕು ಅಂದೆ. ಅಲ್ಲಾ ಕಸಂ, ಅಂಥ ಬಾಯಿಬಡುಕನ ಬಾಯಲ್ಲಿ ಮಾತೇ ಇಲ್ಲ! ಬರೀ ನೆಲ ನೋಡ್ದ."

ಗೌರಿ ಸರಕ್ಕನೆ ಈ ಕಡೆ ತಿರುಗಿದಳು.

"ಅವ್ರು... ಈಗ ಎಲ್ಲವ್ರೆ?"

"ಬಸ್ ಸ್ಟಾಪಿನಲ್ಲಿ. ಬೆಳಗಿನ ಬಸ್ಸಲ್ಲೇ ನನ್ನ ಜೊತೆ ಬಂದ. ನಾನು ಮುಗಿಸೋವರೆಗೂ ಈ ಬೀದಿಗೇ ಕಾಲಿಡಲ್ಲ ಅಂತ ಅಲ್ಲೇ ಕೂತವ್ನೆ. ಊಟಾನೂ ಇಲ್ಲ, ಹುಚ್ಚ!"

ಗೌರಿ ಬಾಗಿಲವರೆಗೆ ಹೋದಳು. ಅಲ್ಲೇ ನಿಂತು ಅವ್ವನ ಕಡೆ ತಿರುಗಿದಳು. ಅಭ್ಯಾಸ.

"ಹೋಗೇ! ನಾನೇನು ಓಡೋಯ್ತೀನಾ?" ಎಂದಳು ಬೀರಮ್ಮ.

"ನಾನಿದ್ದೀನಿ," ಎಂದರು ಗುಲ್ಜಾರ್ ಬೀ.

ಬರಿಗೈಯಲ್ಲಿ ಆ ಬೀದಿಯಲ್ಲಿ ನಡೆದು ಎಷ್ಟು ಕಾಲವಾಗಿತ್ತೋ! ಸೊಪ್ಪಿಲ್ಲ, ಕೊಡವಿಲ್ಲ. ತೂಗುವ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಬಸ್ ಸ್ಟಾಪಿನ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಮಾದೇಶ ಕೂತಿದ್ದ. ಅವಳನ್ನು ಕಂಡು ದಡಕ್ಕನೆ ಎದ್ದ.

"ಏನಾಯ್ತು? ಸಿಕ್ತಾ?"

"ಸಿಕ್ತು."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ.

"ಒಂದು ಮಾತು ಹೇಳಿ ಹೋಗಕ್ಕೆ ಏನಾಗಿತ್ತು ನಿಮ್ಗೆ?" ಎಂದಳು. "ಬೆಳಿಗ್ಗೆಯಿಂದ ನಾನು ಸತ್ತು ಹುಟ್ಟಿದೀನಿ. ನೀವೂ ಎದ್ದು ಹೋದ್ರಿ ಅನ್ಕಂಡೆ."

"ಮೊದ್ಲೇ ಹೇಳಿದ್ರೆ, ಸಹಾಯ ಕೊಡ್ಸಿ ಹುಡುಗೀನ ಕೇಳ್ದ ಅಂತಾಗ್ತಿತ್ತು. ನೀವು ಹೂಂ ಅಂದ್ರೂ ಅದು ಋಣಕ್ಕೋ ಮನಸ್ಸಿಗೋ ನಂಗೆ ತಿಳಿಯಕ್ಕಿಲ್ಲ. ಈಗ ನನ್ನ ಕೈಲಿ ಕೊಡೋದೂ ಇಲ್ಲ, ತಡೆಯೋದೂ ಇಲ್ಲ. ಇಲ್ಲ ಅನ್ಬೇಕಾದ್ರೆ ಧೈರ್ಯವಾಗಿ ಅನ್ನಿ."

"ಏನು ಕೇಳಿದ್ರಿ ಅಂತ ಇಲ್ಲ ಅನ್ಲಿ? ಇನ್ನೂ ಕೇಳೇ ಇಲ್ವಲ್ಲ!"

ಮಾದೇಶ ಒಮ್ಮೆ ರಸ್ತೆ ನೋಡಿದ, ಒಮ್ಮೆ ಮರ ನೋಡಿದ.

"ನಂಗೆ... ನೀವಂದ್ರೆ ಇಷ್ಟ ಗೌರಿ."

ಅವಳ ಕಣ್ಣು ತುಂಬಿತು.

"ನಾನು ಅವ್ವನ್ನ ಬುಟ್ಟು ಎಲ್ಲಿಗೂ ಬರಕ್ಕಿಲ್ಲ."

"ಬಾ ಅಂದೋರ್ಯಾರು? ನಾನೇ ಬತ್ತೀನಿ. ಕುರಿ ನೋಡಕ್ಕೆ ಅಣ್ಣ ಅವ್ನೆ."

"ಮನೆ ಅಳಿಯ ಅಂತ ಜನ ಆಡ್ಕತಾರೆ."

"ಆಡ್ಕಳ್ಲಿ. ಅವ್ವಂಗೆ ಬಾಯಾರಿದಾಗ ಅವ್ರೇನು ನೀರು ತಂದ್ಕೊಡ್ತಾರಾ?"

ಗೌರಿ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮನೆಯ ದಿಕ್ಕಿಗೆ ತಿರುಗಿದಳು.

"ಬತ್ತೀನಿ ಈಗ. ಹೊತ್ತಾಯ್ತು..."

"ಒಸಿ ಹೊತ್ತು ಕುಂತ್ಕಳಿ."

ಅವಳು ಕಲ್ಲಿನ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಏಳುವವಳಂತೆ ಕೂತಳು. ಆಮೇಲೆ ಸ್ವಲ್ಪ ಒಳಕ್ಕೆ ಸರಿದು ಬೆನ್ನನ್ನು ಮರಕ್ಕೆ ಆನಿಸಿದಳು. ಅವನು ಪಕ್ಕದಲ್ಲಿ ಕೂತ.

"ಎಷ್ಟೊತ್ತು ಕುಂತ್ಕಬೋದು?" ಎಂದಳು ಮೆಲ್ಲಗೆ.

"ನಿಮ್ಗೆ ಎದ್ದೇಳ್ಬೇಕು ಅನ್ಸೋವರ್ಗೂ."

ಗೌರಿ ಏಳಲಿಲ್ಲ.